ನಲ್ಲಿ ನೀರಿನ ಕ್ಲೋರಿನ್ ಮತ್ತು ಮನೆಯ ಬಿಯರ್

ಮಾನ್ಯ ಸಂಪಾದಕರಿಗೆ,

ಹೊರದೇಶಗಳಲ್ಲಿ ನೆಲೆಸಿರುವ ನಮ್ಮ ಹುಡುಗರು ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸದ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ನಲ್ಲಿ ನೀರಿನ ಕ್ಲೋರಿನ್‌ನಿಂದ ಬಿಯರ್ ಕೆಡುತ್ತದೆ, ಆದ್ದರಿಂದ ತೊರೆಯ ನೀರನ್ನೋ ಬಾವಿಯ ನೀರನ್ನೋ ಹಾಗೆಯೇ ಬಳಸುವುದು ಲೇಸು ಎಂಬ ಮಾತು ಅದರಲ್ಲಿದೆ. ಮಾತಿನ ಮೊದಲರ್ಧ ನಿಜ, ಎರಡನೆಯ ಅರ್ಧ ಅಪಾಯಕಾರಿ. 'ಗಂಗಾ ಸ್ನಾನ, ತುಂಗಾ ಪಾನ' ಎಂದು ಹೇಳಿಕೊಂಡೇ ಬೆಳೆದ ಶಿವಮೊಗ್ಗ ಸೀಮೆಯವರು ಅದನ್ನು ಸಲೀಸಾಗಿ ನಂಬಿಬಿಡುತ್ತಾರೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಲೇಖನ ಹೇಳದೆ ಬಿಟ್ಟ ಒಂದು ಸಂಗತಿ. ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು, ಅದು ಸ್ವಂತ ಬಳಕೆಗೇ ಆದರೂ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ನನ್ನ ಮಾತು ಅದಕ್ಕೆ ಅವಕಾಶವಿರುವ ದೇಶಗಳಲ್ಲಿರುವವರಿಗೆ ಮಾತ್ರ. ಅವರ ಅಪ್ಪ ಅಮ್ಮಂದಿರು ನಿಮ್ಮ ಓದುಗರಾಗಿದ್ದಾರೆ, ಫೋನಿನಲ್ಲಿ ದಾಟಿಸುತ್ತಾರೆ ಎಂಬ ನಂಬಿಕೆ ನನ್ನದು.

ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ನಾನೂ ಈ ಗೀಳಿಗೆ ಬಿದ್ದಿದ್ದೆ. ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಅಲ್ಲಿ 1963ರಿಂದ ಪರವಾನಗಿ ಬೇಕಿಲ್ಲ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಾರದ ಡಬ್ಬಿಯನ್ನು ಕೆಲವು ಲೀಟರ್ ಕುದಿನೀರಿನಲ್ಲಿ ಕರಗಿಸಿ, ಉಳಿದದ್ದಕ್ಕೆ ನಲ್ಲಿಯ ತಣ್ಣೀರನ್ನೇ ಸುರಿದು 23 ಲೀಟರ್ ಮಾಡಿ, ಯೀಸ್ಟ್ ಉದುರಿಸಿ ಮುಚ್ಚಿಟ್ಟೆ. ಹುದುಗು ಚೆನ್ನಾಗಿಯೇ ಎದ್ದಿತು. ವಾರಗಟ್ಟಲೆ ಕಾದು ಮೊದಲ ಬಾಟಲಿಯ ಮುಚ್ಚಳ ಎಬ್ಬಿಸಿದಾಗ ಮೂಗಿಗೆ ಬಡಿದದ್ದು ಡೆಟಾಲ್ ವಾಸನೆ. ಬಣ್ಣ, ನೊರೆ ಎಲ್ಲವೂ ಸರಿಯಿತ್ತು. ಬಾಯಿಗಿಟ್ಟರೆ ಆಸ್ಪತ್ರೆಯ ಗಾಯ ಕಟ್ಟುವ ಕೋಣೆಯಲ್ಲಿ ಕುಳಿತ ಹಾಗೆ. ಅಷ್ಟನ್ನೂ ಸಿಂಕಿಗೆ ಚೆಲ್ಲಿದೆ.

ಆ ವಾಸನೆ ಬರುವ ದಾರಿ ಸರಳ. ಮಾಲ್ಟ್‌ನ ಹೊಟ್ಟಿನಲ್ಲಿ, ಬಿಯರ್‌ಗೆ ಕಹಿ ಕೊಡುವ ಹೂವಾದ ಹಾಪ್ಸ್‌ನಲ್ಲಿ ಫೀನಾಲ್ ಎಂಬ ರಾಸಾಯನಿಕ ಜಾತಿಯ ವಸ್ತುಗಳಿವೆ, ಯೀಸ್ಟ್ ಕೂಡ ಇನ್ನಷ್ಟನ್ನು ಹುಟ್ಟಿಸುತ್ತದೆ. ನೀರಿನ ಕ್ಲೋರಿನ್ ಇವುಗಳೊಂದಿಗೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಡೆಟಾಲ್‌ನಲ್ಲಿರುವುದೂ ಕ್ಲೋರಿನ್ ಕೂಡಿದ ಫೀನಾಲೇ ಆದ್ದರಿಂದ ನನ್ನ ಮೂಗು ಸುಳ್ಳು ಹೇಳಿರಲಿಲ್ಲ. ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗವಿದ್ದರೂ ನಾಲಿಗೆ ಇದನ್ನು ಹಿಡಿಯುತ್ತದೆ, ಒಮ್ಮೆ ಹುಟ್ಟಿದ ಮೇಲೆ ಕಾಯಿಸಿದರೂ ಕಾಯ್ದರೂ ಹೋಗುವುದಿಲ್ಲ. ಬ್ಲೀಚಿಂಗ್ ಪುಡಿಯಿಂದ ಪಾತ್ರೆ ತೊಳೆದು ಸರಿಯಾಗಿ ಜಾಲಿಸದಿದ್ದರೂ ಇದೇ ಗತಿ.

ಪರಿಹಾರವನ್ನು ನೀರಿನ ಹಂತದಲ್ಲೇ ಮಾಡಬೇಕು. ಬರೀ ಕ್ಲೋರಿನ್ ಹಾಕಿದ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಮುಚ್ಚಳ ತೆಗೆದು ಕುದಿಸಿದರೆ ಸಾಕು. ರಾತ್ರಿಯಿಡೀ ತೆರೆದಿಟ್ಟರೂ ಬಹುಪಾಲು ಹಾರಿಹೋಗುತ್ತದೆ. ಆದರೆ ಹೊರದೇಶದ ಹಲವು ನಗರಗಳಲ್ಲಿ ಕ್ಲೋರಿನ್ ಬದಲು ಅದಕ್ಕೆ ಅಮೋನಿಯಾ ಕೂಡಿಸಿದ ಕ್ಲೋರಮೈನ್ ಬಳಸುತ್ತಾರೆ. ಅದು ಗಟ್ಟಿ ಪಿಂಡ, ಕುದಿಸಿದರೂ ತೆರೆದಿಟ್ಟರೂ ಸುಲಭಕ್ಕೆ ಜಗ್ಗುವುದಿಲ್ಲ. ಅದಕ್ಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೇಕು. ಅಲ್ಲಿ ಇದನ್ನು ಕ್ಯಾಂಪ್ಡನ್ ಮಾತ್ರೆ ಎಂಬ ಹೆಸರಿನಲ್ಲಿ ಮಾರುತ್ತಾರೆ, ಗ್ಲಾಸ್ಟರ್‌ಶೈರ್‌ನ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಪುಟ್ಟ ಊರಿನಿಂದ ಬಂದ ಹೆಸರದು. ಒಂದು ಮಾತ್ರೆ ಸುಮಾರು 75 ಲೀಟರ್ ನೀರಿಗೆ ಸಾಕು. ಪುಡಿ ಮಾಡಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ನಾನು 23 ಲೀಟರಿಗೆ ಅರ್ಧ ಮಾತ್ರೆ ಹಾಕುತ್ತಿದ್ದೆ. ಸಲ್ಫೈಟ್‌ನಿಂದ ಉಬ್ಬಸ ಕೆರಳುವವರು ಮಾತ್ರ ಇದನ್ನು ಬಿಟ್ಟು ಇದ್ದಿಲಿನ ಫಿಲ್ಟರ್ ಹಿಡಿಯಬೇಕು, ನೀರು ಅದರೊಳಗೆ ನಿಧಾನವಾಗಿ ಹರಿಯಬೇಕು. ಬಿಸಿನೀರಿನ ನಲ್ಲಿಯಿಂದ ಎಂದೂ ಹಿಡಿಯಬಾರದು, ಕೊಳವೆಯ ಲೋಹ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ.

ಇನ್ನು ತೊರೆಯ ನೀರು. ನನ್ನ ಹುಟ್ಟೂರು ತೀರ್ಥಹಳ್ಳಿಯ ಆಚೆ. ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ಹಿತ್ತಲಿಗೆ ಇಳಿದು ಬರುತ್ತಿದ್ದ ನೀರು ಕುಡಿದೇ ನಾನು ದೊಡ್ಡವನಾದೆ. ಅದರ ರುಚಿಗೆ ಇವತ್ತಿಗೂ ಸಾಟಿಯಿಲ್ಲ ಎಂದು ವಾದಿಸುವವರಲ್ಲಿ ನಾನೇ ಮೊದಲಿಗ. ಆದರೆ ಆ ಅಬ್ಬಿಯ ಮೇಲೆಯೂ ಈಗ ಅಡಿಕೆ ತೋಟಗಳಿವೆ. ಕೊಳೆರೋಗಕ್ಕೆ ಹೆದರಿ ಮಳೆ ಹಿಡಿಯುವ ಮುಂಚೆ ಒಮ್ಮೆ, ನಡುವೆ ಹೊಳವಾದಾಗ ಮತ್ತೊಮ್ಮೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದು ಮಳೆಗೆ ತೊಳೆದು ಇಳಿಯುವುದು ಅದೇ ಹಳ್ಳಕ್ಕೆ. ತಾಮ್ರದ ಅಂಶ ಕುದಿಸಿದರೆ ಹೋಗುವುದಿಲ್ಲ, ಹೆಚ್ಚಾದರೆ ಯೀಸ್ಟ್‌ಗೂ ವಿಷ. ಆಷಾಢದಲ್ಲಿ ಕಟ್ಟೆಯವರೆಗೆ ತುಂಬಿ ನಿಲ್ಲುವ ಬಾವಿಗೆ ಕೊಟ್ಟಿಗೆಯ ನೀರು, ಬಚ್ಚಲ ನೀರು ಒಸರದೆ ಇರುತ್ತದೆಯೇ?

ಬಿಯರ್‌ನಲ್ಲಿ ಆಲ್ಕೊಹಾಲ್ ಇದೆ, ಹುಳಿಯಿದೆ, ರೋಗಾಣು ಉಳಿಯಲಾರದು ಎಂದು ವಾದಿಸುವವರಿದ್ದಾರೆ. ಮಾಲ್ಟ್ ಕಷಾಯವನ್ನು ಪೂರ್ತಿಯಾಗಿ ಗಂಟೆಗಟ್ಟಲೆ ಕುದಿಸುವವರ ವಿಷಯದಲ್ಲಿ ಆ ಮಾತಿಗೆ ಅರ್ಥವಿದೆ. ಅಪಾಯ ಇರುವುದು ಕುದಿ ಇಳಿದ ಮೇಲೆ: ಕಷಾಯ ಆರಿಸಲು, ಅಳತೆ ತುಂಬಿಸಲು ಸುರಿಯುವ ಹಸಿನೀರಿನಲ್ಲಿ, ಬಾಟಲಿ ಜಾಲಿಸುವ ಕೊನೆಯ ನೀರಿನಲ್ಲಿ. ಯೀಸ್ಟ್ ಎದ್ದು ಆಲ್ಕೊಹಾಲ್ ಕೂಡುವ ತನಕ ಅದು ಬೆಚ್ಚಗಿನ ಸಕ್ಕರೆ ನೀರು, ಅಷ್ಟೇ. ನಾನು ಇಂಗ್ಲೆಂಡಿನಲ್ಲಿ ನೇರ ನಲ್ಲಿಯ ತಣ್ಣೀರು ಸುರಿದೂ ಬರೀ ರುಚಿ ಕಳೆದುಕೊಂಡು ಪಾರಾದದ್ದು ಆ ನೀರಿನಲ್ಲಿ ಕ್ಲೋರಿನ್ ಇದ್ದ ಕಾರಣಕ್ಕೇ.

ನಮ್ಮ ಊರಿನ ನಲ್ಲಿಯಲ್ಲೂ ಮಳೆಗಾಲದಲ್ಲಿ ಬ್ಲೀಚಿಂಗ್ ವಾಸನೆ ಜೋರಾಗುತ್ತದೆ ಎಂದು ಗೊಣಗುವವರು ಗಾಜನೂರಿನ ಹತ್ತಿರ ಕೆಂಪಗೆ ಹರಿಯುವ ತುಂಗೆಯನ್ನು ಒಮ್ಮೆ ನೋಡಿ ಬರಲಿ. ಕೆಸರೂ ಕೊಳೆತ ಎಲೆಯೂ ಕ್ಲೋರಿನ್ನನ್ನು ತಿಂದುಹಾಕುವುದರಿಂದ ಹೆಚ್ಚು ಹಾಕಲೇಬೇಕಾಗುತ್ತದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನೆಯ ಮೇಲಿನ ಟ್ಯಾಂಕಿನಲ್ಲಿ ಎರಡು ದಿನ ನಿಂತ ನೀರಿನಲ್ಲಿ ಅಷ್ಟೂ ಉಳಿದಿರುತ್ತದೆಂಬ ಭರವಸೆ ಇಲ್ಲ. ಪರೀಕ್ಷಾ ಕಿಟ್‌ನ ಹನಿ ಬಿಟ್ಟು ನಾನೇ ನೋಡಿದ್ದೇನೆ: ನೇರ ನಲ್ಲಿಯ ನೀರು ಕ್ಲೋರಿನ್ ಇರುವ ಗುರುತಾಗಿ ತಿಳಿ ಹಳದಿಗೆ ತಿರುಗಿತು, ಟ್ಯಾಂಕಿನದು ಬಣ್ಣವಿಲ್ಲದೆಯೇ ಉಳಿಯಿತು.

ಆದ್ದರಿಂದ ಮುಂದಿನ ಪುರವಣಿಯಲ್ಲಿ 'ತೊರೆಯ ನೀರನ್ನು ಹಾಗೆಯೇ ಬಳಸಬಹುದು' ಎಂಬ ಆ ಸಾಲನ್ನು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಎಂಜಿನಿಯರ್, ಶಿವಮೊಗ್ಗ