ಹಳೆಯ ಮೊಬೈಲುಗಳನ್ನು ಕೊಟ್ಟವರಿಗೆ ವಂದನೆಗಳು

ಕಂಪ್ಯೂಟರಿಗೆಂದು ಬರೆಯಲಾಗಿದ್ದ ಗೇಮ್ ಎಂಜಿನ್ (ಆಟವನ್ನು ನಡೆಸುವ ಮೂಲ ತಂತ್ರಾಂಶ) ಒಂದನ್ನು ಆಂಡ್ರಾಯ್ಡಿಗೆ ಹೊಂದಿಸಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗಾಗಿ ನಾವು ರೂಪಿಸಿದ ಅಕ್ಷರದಾಟವು ಈಗ ಅವರ ಮನೆಯ ಸಾಧಾರಣ ಫೋನುಗಳಲ್ಲಿಯೂ ತಡೆಯಿಲ್ಲದೆ ನಡೆಯುತ್ತಿದೆ. ಇದಕ್ಕೆ ಕಾರಣರಾದವರನ್ನು ನೆನೆಯದೆ ಮುಂದಿನ ಕೆಲಸಕ್ಕೆ ಕೈಹಾಕಲು ಮನಸ್ಸಾಗುವುದಿಲ್ಲ.

ಮೊದಲ ವಂದನೆ ಬದಿಯಡ್ಕದ ಮೊಬೈಲ್ ರಿಪೇರಿ ಅಂಗಡಿಯ ಅಣ್ಣನಿಗೆ. ಮಾರಲು ಇಟ್ಟಿದ್ದ ಹಳೆಯ ಫೋನುಗಳನ್ನು ಅವರು ನಮ್ಮ ಪರೀಕ್ಷೆಗೆ ಕೊಟ್ಟರು. ಆಟದಲ್ಲಿ ನಯವಾಗಿ ಹರಿಯುವ ಚಂದ್ರಗಿರಿ ಹೊಳೆಯು ಸ್ವಲ್ಪ ಹೊತ್ತಿನ ಬಳಿಕ ತಡೆತಡೆದು ಜಿಗಿಯುತ್ತದೆ ಎಂಬುದನ್ನು ಗಮನಿಸಿದವರೂ ಅವರೇ. ನಮ್ಮ ಕಂಪ್ಯೂಟರಿನಲ್ಲಿ ಈ ದೋಷ ಕಾಣುವಂತೆಯೇ ಇರಲಿಲ್ಲ. ಓಪನ್‌ಜಿಎಲ್ ಇಎಸ್ 2.0 ಎಂಬ, ಮೊಬೈಲುಗಳಲ್ಲಿ ಚಿತ್ರ ಮೂಡಿಸುವ ಮಾನಕದ ನಿಯಮದಲ್ಲಿ ಫ್ರಾಗ್ಮೆಂಟ್ ಶೇಡರಿಗೆ (ತೆರೆಯ ಒಂದೊಂದು ಚುಕ್ಕೆಯ ಬಣ್ಣವನ್ನು ಲೆಕ್ಕಹಾಕುವ ಪುಟ್ಟ ಪ್ರೋಗ್ರಾಮಿಗೆ) ಹೆಚ್ಚಿನ ನಿಖರತೆ ಕಡ್ಡಾಯವಲ್ಲ; ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ಪು 32 ಬಿಟ್ಟುಗಳಲ್ಲಿ ಮಾಡುವ ಲೆಕ್ಕವನ್ನು ಹಳೆಯ ಕೆಲವು ಮೊಬೈಲ್ ಚಿಪ್ಪುಗಳು ಅಲ್ಲಿ 16 ಬಿಟ್ಟುಗಳಲ್ಲೇ ಮುಗಿಸುತ್ತವೆ. 16 ಬಿಟ್ಟುಗಳಲ್ಲಿ 512 ದಾಟಿದ ಸಂಖ್ಯೆಗಳನ್ನು ಅರ್ಧ ಅರ್ಧದ ಅಂತರದಲ್ಲಿ ಮಾತ್ರ, 1024 ದಾಟಿದರೆ ಒಂದೊಂದರ ಅಂತರದಲ್ಲಿ ಮಾತ್ರ ಹಿಡಿದಿಡಲು ಸಾಧ್ಯ. ಆಟ ತೆರೆದ ಮೇಲೆ ಕಳೆದ ಸೆಕೆಂಡುಗಳನ್ನು ಎಂಜಿನ್ ಹಾಗೆಯೇ ಶೇಡರಿಗೆ ಕಳುಹಿಸುತ್ತಿದ್ದುದರಿಂದ, ಎಂಟೂವರೆ ನಿಮಿಷ ಕಳೆದೊಡನೆ ಅಲೆಗಳು ಅರ್ಧ ಸೆಕೆಂಡಿಗೊಮ್ಮೆ ಸರಿಯತೊಡಗಿದ್ದವು. ಅಲೆಯ ಒಂದು ಆವರ್ತ ಮುಗಿದಾಗಲೆಲ್ಲ ಸಮಯವನ್ನು ಸೊನ್ನೆಗೆ ತಂದು ಕಳುಹಿಸಿದಾಗ ಹೊಳೆ ಸರಿಹೋಯಿತು. ಆ ಫೋನುಗಳು ಕೈಗೆ ಬಾರದಿದ್ದರೆ ಈ ಕಾರಣ ನಮಗೆ ಹೊಳೆಯುತ್ತಿರಲಿಲ್ಲ.

ಆಟದ ನಡುವೆ ಕರೆ ಬಂದು, ಮಾತು ಮುಗಿಸಿ ಮರಳಿದರೆ ಚಿತ್ರಗಳೆಲ್ಲ ಕಪ್ಪಾಗುತ್ತವೆ ಎಂದು ತಿಳಿಸಿದ ಮುಳ್ಳೇರಿಯದ ಟೀಚರಿಗೂ ನಾವು ಋಣಿಗಳು. ಯಾವ ಫೋನು, ಯಾವ ಆಂಡ್ರಾಯ್ಡ್, ಆಗ ಬೇರೆ ಯಾವ ಆ್ಯಪ್ ತೆರೆದಿತ್ತು ಎಂಬುದನ್ನೆಲ್ಲ ಅವರು ಬರೆದುಕೊಟ್ಟಿದ್ದರು. ಆಟ ಹಿನ್ನೆಲೆಗೆ ಸರಿದಾಗ ಗ್ರಾಫಿಕ್ಸ್ ಕಾಂಟೆಕ್ಸ್ಟ್ (ಆಟದ ಚಿತ್ರಗಳನ್ನು ಗ್ರಾಫಿಕ್ಸ್ ಚಿಪ್ಪಿಗಾಗಿ ಹಿಡಿದಿಟ್ಟ ನೆಲೆ) ಕಳೆದುಹೋಗಬಹುದು, ಮರಳಿದಾಗ ಚಿತ್ರಗಳನ್ನು ಹೊಸದಾಗಿ ತುಂಬಬೇಕು. ಅವರ ಟಿಪ್ಪಣಿಯಿಂದಾಗಿ ಕೋಡಿನಲ್ಲಿ ಇದು ತಪ್ಪಿಹೋಗಿದ್ದ ಜಾಗ ಬೇಗನೆ ಸಿಕ್ಕಿತು.

ಒತ್ತಕ್ಷರಗಳು ಚದುರದೆ ಮೂಡುವಂತೆ ಮಾಡಿದ ಹಾರ್ಫ್‌ಬಜ್ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟವರಿಗೆ ನಮಸ್ಕಾರ. ಮನೆಗೆ ಇದ್ದ ಒಂದೇ ಫೋನನ್ನು ಸಂಜೆಯ ಹೊತ್ತು ಮಕ್ಕಳ ಕೈಗೆ ಕೊಟ್ಟು, ಆಟ ನಿಂತುಹೋದಾಗಲೆಲ್ಲ ಬೇಸರಿಸದೆ ತಿಳಿಸಿದ ಎಣ್ಮಕಜೆಯ ತಾಯಂದಿರಿಗೆ ಎಷ್ಟು ವಂದಿಸಿದರೂ ಸಾಲದು. ತಿದ್ದಿದ ಆವೃತ್ತಿಯನ್ನು ಮೊದಲು ಅವರ ಫೋನುಗಳಿಗೇ ಹಾಕಿಕೊಟ್ಟಿದ್ದೇವೆ.