ಸ್ವರಾತ್ಮಕ್ಕೂ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಸಿನಿಮಾ ಹಾಡು ಬಿಡುಗಡೆಯಾದರೆ ಪತ್ರಿಕೆಗಳಲ್ಲಿ ದೊಡ್ಡ ಫೋಟೊ ಬರುತ್ತದೆ. ಬೆಂಗಳೂರಿನ ಸ್ವರಾತ್ಮದಂಥ ಬ್ಯಾಂಡಿಗೆ ಒಂದು ಮೂಲೆ ಸಿಗುವುದೂ ಕಷ್ಟ. ಬೇಸರವಾಗುತ್ತದೆ.

2009ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ ‘ಈ ಭೂಮಿ’ ಅಂತ ಒಂದು ಕನ್ನಡ ಹಾಡಿದೆ. ಒಮ್ಮೆ ಕೇಳಿ ನೋಡಿ. ಎಲೆಕ್ಟ್ರಿಕ್ ಗಿಟಾರ್ ಪಕ್ಕದಲ್ಲೇ ಪಿಟೀಲು, ಡ್ರಮ್ಸ್ ಜೊತೆಗೆ ನಮ್ಮ ತಾಳವಾದ್ಯ. ಮೈಸೂರಿನ ವಾಸು ದೀಕ್ಷಿತ್ ಅವರ ದನಿಯಲ್ಲಿ ಜನಪದದ ಸೊಗಡು. ಯಾವುದೂ ಅಂಟಿಸಿದ ಹಾಗೆ ಕೇಳಿಸುವುದಿಲ್ಲ. 2012ರ ‘ಟೋಪಿವಾಲೆ’ ಆಲ್ಬಂ ಹೊತ್ತಿಗೆ ರಾಕ್ ಇನ್ನೂ ಗಟ್ಟಿಯಾಯಿತು, ಮಾತು ರಾಜಕಾರಣಿಗಳತ್ತ ತಿರುಗಿತು. 2018ರ ‘ರಾಹ್-ಎ-ಫಕೀರಾ’ದಲ್ಲಿ ಅಲೆಮಾರಿಯ ದಾರಿ ಹಿಡಿದರು. ಗೆದ್ದ ಒಂದೇ ಮಟ್ಟನ್ನು ಮತ್ತೆ ಮತ್ತೆ ತಿರುವಿ ಹಾಕಲಿಲ್ಲ. ನನಗೆ ಇಷ್ಟವಾಗುವುದೇ ಅದು.

ಅವರ ಹಾಡುಗಳಲ್ಲಿ ಹಿಂದಿ ಜಾಸ್ತಿ, ನಿಜ. ಆದರೆ ಕನ್ನಡದಲ್ಲಿ ಕೇಳುವವರಿದ್ದಾರೆ ಅಂತ ಗೊತ್ತಾದರೆ ತಾನೇ ಇನ್ನಷ್ಟು ಬರೆಯುವುದು? ನಮ್ಮ ಬ್ಯಾಂಡ್‌ಗಳ ಹೊಸ ಹಾಡುಗಳ ವಿಮರ್ಶೆಗೆ ಭಾನುವಾರದ ಪುರವಣಿಯಲ್ಲಿ ಒಂದು ಕಾಲಂ ಕೊಡಿ. ಊರಿನಲ್ಲಿ ನಡೆಯುವ ಅವರ ಕಾರ್ಯಕ್ರಮಗಳ ವಿವರವನ್ನೂ ಹಾಕಿ.

– ಓದುಗ, ಮೈಸೂರು