ಎಣ್ಣಿ ಡಬ್ಬಿಯ ಕೀಲಿ ಯಾರ ಕೈಯಲ್ಲಿ?

ಮಾನ್ಯರೇ,

ಹಾವೇರಿ ಸೀಮೆಯಲ್ಲಿ ಹತ್ತಿ, ಗೋವಿನಜೋಳಕ್ಕೆಂದು ತಂದ ‘ಎಣ್ಣಿ’ (ಕೀಟನಾಶಕ) ಡಬ್ಬಿ ಪಡಸಾಲೆಯ ಮೂಲೆಯಲ್ಲೇ ಇರುತ್ತದೆ. ಸಾಯಬೇಕೆಂಬ ಆವೇಗ ಎಷ್ಟೋ ಸಲ ಕೆಲ ನಿಮಿಷ, ಕೆಲ ಗಂಟೆಗಳಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ಅದನ್ನು ಬೇರೆಡೆ ಸಾಗಿಸಿ, ಇಲ್ಲವೇ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಇನ್ನೊಬ್ಬರಿಗೆ ಕೊಡಿ. ಮಾತ್ರೆಗಳಿಗೂ ಇದೇ ಮಾತು.

‘ನಾ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ’ ಎಂಬುದನ್ನು ಬೇಸರದ ಮಾತೆಂದು ತಳ್ಳಿಹಾಕಬೇಡಿ. ‘ಸಾಯೋ ವಿಚಾರ ಬರ್ತದೇನು?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ಹೊಗುತ್ತದೆ ಎಂಬುದು ತಪ್ಪು ನಂಬಿಕೆ. ‘ಮಕ್ಕಳ ಮುಖಾ ನೋಡರ ತಡಕೋ’ ಎನ್ನುವುದು (ನಾವೆಲ್ಲ ಮಾಡುವ ತಪ್ಪಿದು) ಅಪರಾಧಿ ಭಾವವನ್ನೇ ಹೆಚ್ಚಿಸುತ್ತದೆ; ಸುಮ್ಮನೆ ಕೇಳಿಸಿಕೊಳ್ಳಿ. ಹೇಗೆ, ಯಾವಾಗ ಎಂದು ಯೋಚಿಸಿದ್ದರೆ ಒಬ್ಬರನ್ನೇ ಬಿಡದೆ ಹತ್ತಿರದ ಆಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ, 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

ಪೊಲೀಸ್ ಕೇಸಿನ ಅಂಜಿಕೆಯಿಂದ ಆಸ್ಪತ್ರೆಗೆ ತಡಮಾಡುವವರಿದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಭಾವಿಸುತ್ತದೆ, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ಕೆಲವು ವಾರ ಮತ್ತೆ ಅಪಾಯದ ಕಾಲ. ಮರುತಪಾಸಣೆಗೆ ಜೊತೆಗೇ ಹೋಗಿ.

– ಮಾನಸಿಕ ಆರೋಗ್ಯ ಕಾರ್ಯಕರ್ತರು, ಹಾವೇರಿ